ಒಂದು ಕಾರು, ನಾಲ್ಕು ಬೆರಳು ಕಮ್ಮಿ

ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿದು ಹಾಕುವ ಕರ್ಟನ್ ಅಕ್ಕನ ಅಳತೆ ಪುಸ್ತಕ ಬೇರೆಯವರ ಕೈಗೆ ಸಿಕ್ಕರೆ ಅವರ ತಲೆ ಕೆಟ್ಟುಹೋಗುತ್ತದೆ. ಅದರಲ್ಲಿ ಅಡಿ ಇಲ್ಲ, ಅಂಗುಲ ಇಲ್ಲ, ಮೀಟರಂತೂ ಮೊದಲೇ ಇಲ್ಲ. ‘ದಂತವೈದ್ಯರ ಮನೆ, ಹಾಲ್ ಕಿಟಕಿ: ಮುಕ್ಕಾಲು ಕಾರು. ಮಹಡಿ ಕೋಣೆ: ಅರ್ಧ ಕಾರು, ಒಂದು ಗೇಣು ಜಾಸ್ತಿ.’ ಪುಟ ಪುಟಗಳೂ ಹೀಗೇ. ಬಟ್ಟೆಗಾದರೆ ಟೇಪು ಇದೆ, ಅದು ಯಾವಾಗಲೂ ಅಕ್ಕನ ಕೊರಳಲ್ಲೇ ನೇತಾಡುತ್ತಿರುತ್ತದೆ. ಕಿಟಕಿಯ ಮೇಲೆ ಕೂರುವ ಕರ್ಟನ್ ರಾಡಿಗೆ ಮಾತ್ರ ಕಾರೇ ಅಳತೆ.

ಹದಿನಾಲ್ಕು ವರ್ಷದ ಹಿಂದೆ ಆ ಪುಟ್ಟ ಡೀಸೆಲ್ ಕಾರು ಸೆಕೆಂಡ್ ಹ್ಯಾಂಡಾಗಿ ಮನೆಗೆ ಬಂದ ದಿನವೇ ಅಕ್ಕ ಹಿಂದಿನ ಸೀಟು ಮಡಚಿ, ಮುಂದಿನ ಪಕ್ಕದ ಸೀಟನ್ನು ಪೂರ್ತಿ ಒರಗಿಸಿ, ಹಿಂಬಾಗಿಲಿಂದ ಒಂದು ಉದ್ದನೆಯ ರಾಡು ತೂರಿಸಿ ನೋಡಿದ್ದಳು. ರಾಡಿನ ತುದಿ ಡ್ಯಾಶ್‌ಬೋರ್ಡಿನ ಮೂಲೆಗೆ ತಾಗಿತು, ಬಾಗಿಲು ಮುಚ್ಚಿಕೊಂಡಿತು. ಆ ಉದ್ದವೇ ‘ಒಂದು ಕಾರು’. ಅಷ್ಟೇ ಉದ್ದದ ಒಂದು ಹಳೆಯ ರಾಡು ಅಳತೆಗೋಲಾಗಿ ಸದಾ ಕಾರಿನಲ್ಲೇ ಬಿದ್ದಿರುತ್ತದೆ. ಗಿರಾಕಿಯ ಮನೆಯಲ್ಲಿ ಅದನ್ನು ಕಿಟಕಿಗೆ ಹಿಡಿದು ಬರೆದುಕೊಳ್ಳುವುದು, ಪೈಪ್ ಅಂಗಡಿಯಲ್ಲಿ ರಾಡನ್ನು ಕಾರಿಗೇ ತೂರಿಸಿ ಗುರುತು ಹಾಕಿ ಕತ್ತರಿಸುವುದು. ಹೇಗಿದ್ದರೂ ಅದು ಕಾರಿನಲ್ಲೇ ತಾನೇ ಬರಬೇಕು? ಇಷ್ಟು ವರ್ಷದಲ್ಲಿ ಒಂದು ರಾಡೂ ತಪ್ಪಿದ್ದಿಲ್ಲ.

ಜೊತೆಗೆ ಕೆಲಸ ಮಾಡುವ ನಾದಿನಿ ಆ ಕಾರಿಗೆ ‘ಕಡ್ಡಿಪೆಟ್ಟಿಗೆ’ ಅಂತ ಹೆಸರಿಟ್ಟಿದ್ದಳು. ಅದರ ಬಣ್ಣ ಒಂದು ಕಾಲಕ್ಕೆ ಹಸಿರು, ಈಗ ಇದೇ ಅಂತ ಹೇಳುವುದು ಕಷ್ಟ. ಆದರೆ ಒಮ್ಮೆ ಟ್ಯಾಂಕ್ ತುಂಬಿಸಿದರೆ ಹದಿನೈದು ದಿನ ಬಂಕಿನ ಕಡೆ ತಲೆ ಹಾಕಬೇಕಿಲ್ಲ. ಎಂಥ ಇಕ್ಕಟ್ಟಿನ ಓಣಿಯಲ್ಲೂ ತಿರುಗುತ್ತದೆ. ಮಳೆ ಬಂದರೆ ಎತ್ತಿದ ಹಿಂಬಾಗಿಲ ಅಡಿಯಲ್ಲಿ ಇಬ್ಬರು ನಿಂತು ಟೀ ಕುಡಿಯಬಹುದು. ಡಿಕ್ಕಿಯ ಮೇಲಿನ ಹಲಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರೆ ಕೊಕ್ಕೆ ಹೊಲಿಯಲು ಮೇಜು. ಇಷ್ಟಕ್ಕೆಲ್ಲ ಅದು ಕೇಳುವುದು ಎರಡೇ: ಸ್ಟಾರ್ಟ್ ಮಾಡುವ ಮುಂಚೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಆರುವವರೆಗೆ ಕಾಯಬೇಕು, ಹಿಂಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಾಕಬೇಕು.

ಈಗ ಅಳಿಯನ ವಿಚಾರ. ಅವನು ವಿಮೆ ಕಚೇರಿಯಲ್ಲಿದ್ದಾನೆ, ತುಂಬಾ ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಖಡಾಖಂಡಿತವಾಗಿ ಎರಡು ಮಾತು ಹೇಳಿ ಮುಗಿಸಬಹುದಿತ್ತು.

“ಅತ್ತೆ, ಈ ವಯಸ್ಸಲ್ಲಿ ನೀವು ಈ ಡಬ್ಬದಲ್ಲಿ ಗಡಗಡ ಅಂತ ಓಡಾಡಿದ್ದು ಸಾಕು. ಹೊಸ ಗಾಡಿ ತಗೊಳ್ಳೋಣ. ಯಾವ ಬಣ್ಣ ಬೇಕು ಹೇಳಿ,” ಅಂದಿದ್ದ.

“ನಿಮಗೆ ಯಾವುದು ಚೆನ್ನಾಗಿ ಕಾಣುತ್ತೋ ಅದು, ಅಳಿಯಂದ್ರೆ,” ಅಂದ ಅಕ್ಕ, ಯಾರೂ ಕೇಳದಿದ್ದರೂ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು.

ಕಾರು ಕೊಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಅಷ್ಟು ಆಸೆಯಿಂದ ಕೇಳುತ್ತಿರುವ ಅಳಿಯನನ್ನು ನೋಯಿಸಲೂ ಮನಸ್ಸಿರಲಿಲ್ಲ. ಮಗಳ ಮದುವೆಯಾಗಿ ಏಳು ವರ್ಷ, ಅವನ ಮಾತಿಗೆ ಒಂದು ಸಲವೂ ‘ಬೇಡ’ ಅಂದವಳಲ್ಲ. ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಗಲೇ ಅಳಿಯ ಬೇಕರಿಯವನೊಬ್ಬನನ್ನು ಗೊತ್ತು ಮಾಡಿಬಿಟ್ಟ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಕಡ್ಡಿಪೆಟ್ಟಿಗೆ ತೆಗೆದುಕೊಂಡು ಹೋಗುವುದು ಅಂತಾಯಿತು. ಅಕ್ಕ ಅದಕ್ಕೂ ‘ಹೂಂ’ ಅಂದುಬಿಟ್ಟಳು.

ಅದೇ ಶನಿವಾರ ಸಂಜೆ ಹೊಸ ಗ್ರಂಥಾಲಯ ತೆರೆಯುವುದಿತ್ತು. ಓದುವ ಕೋಣೆಯ ಹನ್ನೆರಡು ಕಿಟಕಿಗೆ ಕರ್ಟನ್ ಹಾಕುವ ಕೆಲಸ ಅಕ್ಕನದು. ಹನ್ನೆರಡೂ ಒಂದೇ ಅಳತೆ: ‘ಒಂದು ಕಾರು, ನಾಲ್ಕು ಬೆರಳು ಕಮ್ಮಿ.’

ಶುಕ್ರವಾರ ಅಳಿಯ ಹೊಸ ಕಾರನ್ನು ಓಡಿಸಿ ನೋಡಲೆಂದು ಎರಡು ದಿನಕ್ಕೆ ತಂದ. ಬೆಳ್ಳಗೆ, ಎತ್ತರಕ್ಕೆ, ಮದುವೆಮನೆಯ ಬೀಗರ ಹಾಗೆ ಗತ್ತಿನಿಂದ ಬಾಗಿಲಲ್ಲಿ ನಿಂತಿತ್ತು. ಹಿಂಬಾಗಿಲು ಗುಂಡಿ ಒತ್ತಿದರೆ ತಾನೇ ಏಳುತ್ತಿತ್ತು, ತಾನೇ ಇಳಿಯುತ್ತಿತ್ತು. ಅಕ್ಕ ಅದರಲ್ಲೇ ಪೈಪ್ ಅಂಗಡಿಗೆ ಹೋದಳು. ಸೀಟು ಮಡಚಿದಳು, ರಾಡು ತೂರಿಸಿದಳು, ತುದಿ ಡ್ಯಾಶ್‌ಬೋರ್ಡಿಗೆ ತಾಗಿದ್ದು ನೋಡಿ, ಎಂದಿನಂತೆ “ಬಾಗಿಲ ಹತ್ರ ಗುರುತು ಹಾಕಿ, ನಾಲ್ಕು ಬೆರಳು ಕಮ್ಮಿ ಮಾಡಿ, ಹನ್ನೆರಡು ಕತ್ತರಿಸಿ,” ಅಂದಳು. ಅಂಗಡಿಯವನೂ ಎಂದಿನಂತೆ ಕತ್ತರಿಸಿದ. ಕೊರಳಲ್ಲಿದ್ದ ಟೇಪು ಸುಮ್ಮನೆ ನೋಡುತ್ತಿತ್ತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾದಿನಿ ಏಣಿ ಹತ್ತಿ ಮೊದಲನೇ ರಾಡು ಹಿಡಿದಳು. ಒಂದು ತುದಿ ಕೊಂಡಿಯಲ್ಲಿ ಕೂತಿತು. ಇನ್ನೊಂದು ತುದಿ ಗಾಳಿಯಲ್ಲಿ ನಿಂತಿತು.

“ಅತ್ತಿಗೆ, ಕಿಟಕಿ ರಾತ್ರೋರಾತ್ರಿ ಬೆಳೆದಿದೆಯಾ ಹೇಗೆ?”

ಇನ್ನೊಂದು ರಾಡು ಹಿಡಿದು ನೋಡಿದರು, ಮತ್ತೊಂದು ಹಿಡಿದು ನೋಡಿದರು. ಹನ್ನೆರಡೂ ಸರಿಯಾಗಿ ಒಂದೊಂದು ಗೇಣು ಗಿಡ್ಡ. ಆಮೇಲೆ ಹೊರಗೆ ನಿಂತಿದ್ದ ಬಿಳಿ ಕಾರಿನ ಕಡೆ ನೋಡಿದಾಗ ಅಕ್ಕನಿಗೆ ಹೊಳೆಯಿತು. ನೋಡಲು ಅಷ್ಟು ದೊಡ್ಡದಾದರೂ ಅದರ ಡ್ಯಾಶ್‌ಬೋರ್ಡು ಹೊಟ್ಟೆ ಮುಂದಕ್ಕೆ ಹಾಕಿಕೊಂಡು ಕೂತಿತ್ತು. ಹೊರಗಿನ ಠೀವಿಯೆಲ್ಲ ಒಳಗಿನ ಜಾಗ ತಿಂದು ಬಂದದ್ದು.

“ನಾನು ಕಾರಲ್ಲಿ ಅಳೆದೆ. ಬೇರೆ ಕಾರಲ್ಲಿ ಅಳೆದುಬಿಟ್ಟೆ,” ಅಂದು ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಳು.

ಗಾಡಿ ಓಡಿಸಿಕೊಂಡು ಜೊತೆಗೇ ಬಂದಿದ್ದ ಅಳಿಯ ಧೈರ್ಯ ಹೇಳಿದ. “ಅಷ್ಟೇ ತಾನೇ? ಬೇರೆ ರಾಡು ತರೋಣ ನಡೀರಿ ಅತ್ತೆ.”

ಈ ಸಲ ಟೇಪು ಹಿಡಿದೇ ಅಳೆದುಕೊಂಡು ಹೋದರು. ಅಂಗಡಿಯವನು ಹನ್ನೆರಡು ಹೊಸ ರಾಡು ಕತ್ತರಿಸಿ ಕೊಟ್ಟ. ಬಿಳಿ ಕಾರಿಗೆ ನೇರವಾಗಿ ತೂರಿಸಿದರು, ಗೇಣಿಗೆ ನಾಲ್ಕು ಬೆರಳು ಕಮ್ಮಿ ಹೊರಗುಳಿಯಿತು. ಓರೆಯಾಗಿ ತೂರಿಸಿದರು, ಅರ್ಧ ಗೇಣು ಹೊರಗುಳಿಯಿತು. ಅಳಿಯ ಗುಂಡಿ ಒತ್ತಿದ. ಬಾಗಿಲು ಇಳಿಯಿತು, ರಾಡಿಗೆ ತಾಗಿತು, ‘ಟಿಂಗ್ ಟಿಂಗ್’ ಅಂದು ಮತ್ತೆ ಮೇಲೆದ್ದಿತು. ನಾಲ್ಕು ಸಲ ಹಾಗೇ ಆಯಿತು. ಹಗ್ಗ ಕಟ್ಟೋಣವೆಂದರೆ ನಾಳೆ ವಾಪಸು ಕೊಡುವ ಗಾಡಿ, ಒಂದು ಗೀರು ಬಿದ್ದರೂ ಕೆಲಸ ಕೆಟ್ಟಿತು. ಗಂಟೆ ಹತ್ತೂವರೆಯಾಗಿತ್ತು. ಅಳಿಯನ ಮುಖ ಸಪ್ಪಗಾಯಿತು.

“ಮನೆಗೆ ಹೋಗಿ ಅದನ್ನೇ ತರೋಣ,” ಅಂದಳು ಅಕ್ಕ. ಹೇಳುವಾಗ ಒಳಗೊಳಗೇ ಖುಷಿಯಾದದ್ದು ಅವಳಿಗೇ ನಾಚಿಕೆ ತಂದಿತು.

ಬೇಕರಿಯವನಿಗೆ ಕೊಡಲೆಂದು ತೊಳೆದು ಒರೆಸಿ ನಿಲ್ಲಿಸಿದ್ದ ಕಡ್ಡಿಪೆಟ್ಟಿಗೆ ಅಂಗಳದಲ್ಲಿ ಮಿಣಮಿಣ ಅನ್ನುತ್ತಿತ್ತು. ಅಕ್ಕ ಬೀಗದಕೈ ತಿರುವಿ ಸುಮ್ಮನೆ ಕೂತಳು.

“ಯಾಕೆ ಅತ್ತೆ, ಸ್ಟಾರ್ಟ್ ಆಗ್ತಿಲ್ವಾ?”

“ದೀಪ ಆರಲಿ ತಡೀರಿ.”

ದೀಪ ಆರಿತು, ಗಾಡಿ ಗುಡುಗಿತು. ಪೈಪ್ ಅಂಗಡಿಯಲ್ಲಿ ಹನ್ನೆರಡು ರಾಡೂ ಚೂರೂ ತಕರಾರಿಲ್ಲದೆ ಒಳಗೆ ಹೋಗಿ ಮಲಗಿದವು. ಅಳಿಯ ಹಿಂಬಾಗಿಲನ್ನು ಎರಡು ಸಲ ಜೋರಾಗಿ ಬಡಿದ. ಅದು ಕಚ್ಚಿಕೊಳ್ಳಲಿಲ್ಲ. ಅಕ್ಕ ಬಂದು ಸ್ವಲ್ಪ ಎತ್ತಿ ಹಾಕಿದಳು. ಮುಂದೆ ಜಾಗವಿರಲಿಲ್ಲವಾದ್ದರಿಂದ ಅಳಿಯ ಹಿಂದೆ, ಮಡಚಿದ ಸೀಟಿನ ಮೇಲೆ ಕಾಲು ಮಡಚಿ ಕೂತ. ದಾರಿಯುದ್ದಕ್ಕೂ ರಾಡುಗಳು ಅವನ ಕಿವಿಯ ಹತ್ತಿರವೇ ಕಿಣಿಕಿಣಿ ಅನ್ನುತ್ತಿದ್ದವು. ಅತ್ತೆ ದೊಡ್ಡ ರಸ್ತೆಯ ಗದ್ದಲ ತಪ್ಪಿಸಿ ಮೂರು ಓಣಿ ನುಗ್ಗಿ, ಗ್ರಂಥಾಲಯದ ಮೆಟ್ಟಿಲಿಗೇ ಗಾಡಿ ಆನಿಸಿದ್ದನ್ನು ಅವನು ಬಾಯಿಬಿಟ್ಟು ನೋಡಿದ.

ಹನ್ನೆರಡಕ್ಕೆ ಬೇಕರಿಯವನು ಫೋನ್ ಮಾಡಿ, ದಾರಿ ಕೇಳಿಕೊಂಡು ಅಲ್ಲಿಗೇ ಬಂದ. ರಾಡುಗಳು ಒಂದೊಂದಾಗಿ ಹೊರಬರುವುದನ್ನು ನೋಡಿ ಅವನ ಕಣ್ಣರಳಿತು.

“ಪರವಾಗಿಲ್ವೇ! ಇದರ ಹೊಟ್ಟೆ ಎಷ್ಟಿದೆ!”

ಅಷ್ಟು ಹೊತ್ತಿಗೆ ಕಾರು ಕೊಡುವ ವಿಚಾರದಲ್ಲಿ ಅಳಿಯನ ಮನಸ್ಸು ತಿರುಗಿತ್ತು. “ಹೊಟ್ಟೆ ಇದೆ, ಆದರೆ ಹಿಂಬಾಗಿಲು ಸರಿಯಾಗಿ ಹಾಕೋದಿಲ್ಲ,” ಅಂದ.

“ಎತ್ತಿ ಹಾಕಿದರಾಯ್ತು.”

“ಗಲಾಟೆ ಜಾಸ್ತಿ.”

“ನಮ್ಮ ಹಿಟ್ಟು ಕಲಸೋ ಯಂತ್ರಕ್ಕಿಂತಲಾ?”

“ಬಣ್ಣ ಪೂರ್ತಿ ಹೋಗಿದೆ.”

“ಬನ್ನು ಬಣ್ಣ ನೋಡುತ್ತಾ ಸ್ವಾಮಿ?” ಅಂದು ಬೇಕರಿಯವನು ಬೀಗದಕೈಗೆ ಕೈಚಾಚಿದ.

ಅಳಿಯ ಅಕ್ಕನ ಮುಖ ನೋಡಿದ. ಅಕ್ಕ ಬೀಗದಕೈ ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಕೊಟ್ಟ ಮಾತು ಒಂದು ಕಡೆ, ಏಳು ವರ್ಷದ ಮೌನ ಇನ್ನೊಂದು ಕಡೆ. ಒಳಗೆ ಏಣಿಯ ಮೇಲಿದ್ದ ನಾದಿನಿ ಕೂಡ ಕಿಟಕಿಯಿಂದ ಇಣುಕಿದಳು.

“ನಾನು ಕೊಡಲ್ಲ,” ಅಂದಳು ಅಕ್ಕ. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ತಪ್ಪು ತಿಳೀಬೇಡಿ. ಮಾತು ಕೊಟ್ಟಿದ್ದು ನಾನೇ, ತಪ್ಪೋದೂ ನಾನೇ. ನನಗೆ ಇದು ಬೇಕು.”

ಬೇಕರಿಯವನು ತಲೆ ಕೆರೆದುಕೊಂಡ, ಕಾರಿನ ಸುತ್ತ ಇನ್ನೊಂದು ಸುತ್ತು ಹಾಕಿದ. “ಹೋಗಲಿ ಬಿಡಿ ಅಕ್ಕ. ಇಂಥದ್ದು ನನ್ನ ಹತ್ರ ಇದ್ದಿದ್ರೆ ನಾನೂ ಕೊಡ್ತಿರಲಿಲ್ಲ,” ಅಂದು, ಬೇಸರವನ್ನು ನುಂಗಿಕೊಂಡು ಹೊರಟುಹೋದ.

ಅಳಿಯ ಅಕ್ಕನ ಕಡೆ ತಿರುಗಿದ. “ಮೊದಲೇ ಹೇಳಬಾರದಿತ್ತಾ ಅತ್ತೆ?”

“ಯಾವ ಬಣ್ಣ ಬೇಕು ಅಂತ ಕೇಳಿದ್ರಿ,” ಅಂದಳು ಅಕ್ಕ ಮೆಲ್ಲಗೆ. “ಬೇಕಾ ಅಂತ ಕೇಳಲಿಲ್ಲ.”

ಅವನು ಅಂಗಿಯ ತೋಳು ಮಡಚಿ ಎರಡನೇ ಏಣಿ ಹತ್ತಿದ. ನಾಲ್ಕು ಗಂಟೆಯ ಹೊತ್ತಿಗೆ ಹನ್ನೆರಡು ಕಿಟಕಿಯೂ ಮುಗಿಯಿತು, ಓದುವ ಮೇಜಿನ ಮೇಲಿನ ಬಿಸಿಲು ತಂಪಾಯಿತು.

ಹೊರಡುವಾಗ ಅಳಿಯ ಏಣಿಗಳನ್ನು ಒಳಗಿಟ್ಟು ಹಿಂಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಾಕಿದ. ನಾದಿನಿ ಹಿಂದೆ ಏಣಿಯ ಪಕ್ಕ ತೂರಿಕೊಂಡಳು. ಅಳಿಯ ಮುಂದಿನ ಪಕ್ಕದ ಸೀಟನ್ನು ನೆಟ್ಟಗೆ ಮಾಡಿ ಅಕ್ಕನನ್ನು ಕೂರಿಸಿ, ತಾನು ಸ್ಟೀರಿಂಗ್ ಹಿಡಿದ. ಹದಿನಾಲ್ಕು ವರ್ಷದಲ್ಲಿ ಅಕ್ಕ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅಲ್ಲಿ ಯಾವಾಗಲೂ ರಾಡುಗಳೇ ಮಲಗಿರುತ್ತಿದ್ದವು.

ಅವನು ಬೀಗದಕೈ ತಿರುವಿ, ಹಳದಿ ದೀಪ ಆರುವವರೆಗೆ ಕಾದ. ಗಾಡಿ ಸ್ಟಾರ್ಟ್ ಆದ ಮೇಲೂ ಮುಂದಕ್ಕೆ ಬಿಡಲಿಲ್ಲ.

“ನೀವು ಹೇಳಿ ಅತ್ತೆ, ಯಾವ ಕಡೆ ಹೋಗೋಣ?”

“ನನ್ನನ್ನೂ ಯಾರಾದ್ರೂ ಕೇಳ್ತೀರಾ?” ಅಂದಳು ನಾದಿನಿ ಹಿಂದಿನಿಂದ.

ಅಕ್ಕನ ಕಣ್ಣು ಯಾಕೋ ತುಂಬಿ ಬಂತು. ಕೊರಳಿನ ಟೇಪು ತೆಗೆದು ಸುತ್ತಿ ಮಡಿಲಲ್ಲಿಟ್ಟುಕೊಂಡಳು.

“ಸ್ವಲ್ಪ ಸುತ್ತಿಕೊಂಡೇ ಹೋಗೋಣ,” ಅಂದಳು.