ಲೆಕ್ಕದಿಂದ ತೆಗೆದ ರಕ್ತ

ಮೊಟ್ಟೆಯ ಬೆಲೆ ಮತ್ತೆ ಏರಿತ್ತು. ಮೀನಂತೂ ಕೇಳುವ ಹಾಗೇ ಇರಲಿಲ್ಲ. ಹಾಲು ಹಳೆಯ ಬೆಲೆಯಲ್ಲೇ ನಿಂತಿತ್ತು, ಆದರೆ ಅದು ಮೊದಲಿಗಿಂತ ತೆಳ್ಳಗಾಗಿದೆ ಎಂದು ಅತ್ತಿಗೆಗೆ ಅನುಮಾನ. ಕಾಳು ಬೇಳೆ ಮಾತ್ರ ಇನ್ನೂ ಮರ್ಯಾದೆಯಲ್ಲಿದ್ದವು. ವಾರದ ಸಾಮಾನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದುಕೊಂಡು ಅವಳು ಬಾಯಿಲೆಕ್ಕ ಹಾಕುತ್ತಿದ್ದಳು.

"ಪುಟ್ಟಿ, ನಿನ್ನ ಪ್ರೋಟೀನು ಒಂದು ದಿನ ಈ ಮನೆ ಮಾರಿಸತ್ತೆ ಕಣೆ."

"ಅದೇ ದುಡ್ಡಿಗೆ ಕಾಳಿನಲ್ಲಿ ಇನ್ನೂ ಜಾಸ್ತಿ ಸಿಗತ್ತೆ ಅತ್ತಿಗೆ. ಎಷ್ಟು ಸಲ ಹೇಳಿದೀನಿ."

"ಅದನ್ನ ನಿಮ್ಮಣ್ಣಂಗೆ ಹೇಳು. ತಟ್ಟೇಲಿ ಮೊಟ್ಟೆ ಕಾಣದಿದ್ರೆ ಸಾವಿನ ಮನೇಲಿ ಕೂತಿರೋ ಹಾಗೆ ಮುಖ ಮಾಡ್ತಾರೆ."

ಪುಟ್ಟಿಗೆ ನಲವತ್ತು ದಾಟಿತ್ತು. ಹೊರಗಿನವರಿಗೆ ಅವಳು ಪ್ರೋಟೀನಿನ ಮೇಲೆ ಸಂಶೋಧನೆ ಮಾಡುವ ದೊಡ್ಡ ವಿಜ್ಞಾನಿ. ಮನೆಯಲ್ಲಿ ಇನ್ನೂ ಪುಟ್ಟಿಯೇ. ಮದುವೆ ಬೇಡವೆಂದು ಅಣ್ಣನ ಜೊತೆಯಲ್ಲೇ ಉಳಿದವಳು. ಉಣ್ಣುವ ಅನ್ನ, ಒಗೆದ ಬಟ್ಟೆ, ಹೊರಡುವಾಗ ಕೈಗೆ ಬರುವ ಡಬ್ಬಿ, ಎಲ್ಲವೂ ಅತ್ತಿಗೆಯಿಂದ. ಅದಕ್ಕಾಗಿಯೇ ತನಗೆ ಇಡೀ ದಿನ ಪ್ರಯೋಗಾಲಯದಲ್ಲಿ ಕಳೆಯಲು ಸಾಧ್ಯವಾಗಿದೆ ಎಂದು ಅವಳು ಸಭೆಗಳಲ್ಲಿ ಹೇಳಿಕೊಳ್ಳುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಅಂದು ಬೆಳಿಗ್ಗೆಯೂ ಅತ್ತಿಗೆ ಎಲ್ಲರಿಗೂ ಬಡಿಸಿದಳು. ಗಂಡನಿಗೆ ಎರಡು ಮೊಟ್ಟೆ, ಜಿಮ್ಮಿಗೆ ಹೋಗುವ ಮಗನಿಗೆ ಮೂರು, ನಾದಿನಿಗೆ ಒಂದು ಮೊಟ್ಟೆಯ ಜೊತೆಗೆ ಒಂದು ಲೋಟ ಹಾಲು. "ನೀವು?" ಎಂದು ಪುಟ್ಟಿ ಕೇಳಿದಳು. "ಆಮೇಲೆ ತಿಂತೀನಿ" ಎಂದಳು ಅತ್ತಿಗೆ. ಪ್ರಶ್ನೆಯೂ ಉತ್ತರವೂ ದಿನವೂ ನಡೆಯುವಂಥವು, ಗೋಡೆಗಡಿಯಾರದ ಸದ್ದಿನಂತೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಅದೇ ವಾರ ಅತ್ತಿಗೆ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿತು. ಆಪರೇಷನ್ ಆಯಿತು, ಒಳಗೆ ಕಂಬಿ ಹಾಕಿದರು, ಹೊಲಿಗೆಯೂ ಹಾಕಿದರು. ಹೊಲಿಗೆ ಬಿಚ್ಚುವ ಹೊತ್ತಿಗೆ ಗಾಯದ ಎರಡು ಅಂಚುಗಳೂ ಜಗಳವಾಡಿದ ನೆರೆಯವರಂತೆ ದೂರ ದೂರವೇ ಇದ್ದವು. ಮತ್ತೆ ಎರಡು ವಾರ ಕಾದರು. ಮಾಯಲಿಲ್ಲ.

"ಸೋಂಕಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ಲಿವರ್, ಕಿಡ್ನಿ ಎರಡೂ ಚೆನ್ನಾಗಿವೆ," ಎಂದರು ವೈದ್ಯರು. "ಆದ್ರೆ ರಕ್ತದಲ್ಲಿ ಪ್ರೋಟೀನು ತುಂಬಾ ಕಡಿಮೆ ಇದೆ. ಕಾಲಿನ ಮಾಂಸನೂ ಇಳಿದುಹೋಗಿದೆ, ಇದು ಇವತ್ತು ನಿನ್ನೆ ಆಗಿದ್ದಲ್ಲ. ಹೀಗೇ ಇದ್ರೆ ತೊಡೆಯಿಂದ ಚರ್ಮ ತೆಗೆದು ಇಲ್ಲಿಗೆ ಹಾಕಬೇಕಾಗತ್ತೆ. ಅದೂ ಹಿಡಿಯತ್ತೆ ಅಂತ ಭರವಸೆ ಇಲ್ಲ. ಕಂಬಿವರೆಗೂ ಗಾಯ ಇಳಿದ್ರೆ ಕಾಲಿಗೇ ಕಷ್ಟ. ಇವರು ಊಟ ಸರಿಯಾಗಿ ಮಾಡ್ತಾರಾ?"

ಅಣ್ಣನಿಗೆ ಅದು ಚುಚ್ಚಿತು. "ಏನ್ ಡಾಕ್ಟ್ರೇ, ನಮ್ಮ ಮನೇಲಿ ಊಟಕ್ಕೆ ಕೊರತೆಯಾ? ನನ್ನ ತಂಗಿ ಮಾಡೋ ಕೆಲಸನೇ ಪ್ರೋಟೀನಿಂದು! ಹೇಳೇ ಪುಟ್ಟಿ."

ಪುಟ್ಟಿ ರಕ್ತಪರೀಕ್ಷೆಯ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ವೈದ್ಯರು ತೋರಿಸಿದ ಅಂಕಿಯನ್ನು ಅವಳು ಆಗಲೇ ಒಮ್ಮೆ ನೋಡಿದ್ದಳು. ತನ್ನದೇ ಪ್ರಯೋಗಾಲಯದಲ್ಲಿ, ತನ್ನದೇ ಯಂತ್ರದಲ್ಲಿ, ಸುಮಾರು ಒಂದು ವರ್ಷದ ಹಿಂದೆ.

ಕಾರ್ಖಾನೆಗಳ ಹಿಂದಿನ ಕೇರಿಯ ಹೆಂಗಸರ ದೇಹಕ್ಕೆ ಎಷ್ಟು ಪ್ರೋಟೀನು ಸೇರುತ್ತಿದೆ ಎಂಬುದು ಅವಳ ಅಧ್ಯಯನದ ವಿಷಯ. ಕೇರಿಯವರದು ಕಡಿಮೆ ಎಂದು ಹೇಳಬೇಕಾದರೆ, ಹೊಟ್ಟೆತುಂಬ ಉಣ್ಣುವವರದು ಎಷ್ಟೆಂದು ಮೊದಲು ಗೊತ್ತಿರಬೇಕು. ಅದಕ್ಕಾಗಿ ಅವಳು ಕೆಲಸ ಮಾಡುವ ಸಂಸ್ಥೆಯ ಸಿಬ್ಬಂದಿಯ ಮನೆಗಳ ಹೆಂಗಸರಿಂದ ರಕ್ತ ತೆಗೆದುಕೊಂಡಿದ್ದರು. ಅತ್ತಿಗೆಯೂ ತೋಳು ಚಾಚಿದ್ದಳು. "ಚುಚ್ಚೋಕೆ ನಾನೇ ಸಿಕ್ಕಿದ್ನಾ? ಹುಷಾರು ಕಣೆ, ಉಪ್ಪು ಹುಳಿ ಎಲ್ಲಾ ಹೊರಗೆ ಬಂದ್ಬಿಟ್ಟೀತು" ಎಂದು ನಗಿಸಿದ್ದಳು. ಅವಳ ಅಂಕಿ ಕೇರಿಯ ಹೆಂಗಸರಷ್ಟೇ ಕೆಳಗೆ ಬಂದಿತ್ತು. ಇದು ಸಾಧ್ಯವೇ ಇಲ್ಲ ಎಂದುಕೊಂಡಳು ಪುಟ್ಟಿ. ನಮ್ಮ ಮನೆಯಲ್ಲಿ ಏನು ಕಡಿಮೆ? ರಕ್ತ ಫ್ರಿಜ್ಜಿನ ಹೊರಗೆ ಉಳಿದು ಕೆಟ್ಟಿರಬೇಕು. ಆ ಗುಂಪಿನಲ್ಲಿ ಅಂಥವೇ ಇನ್ನೂ ಐದಾರು ಇದ್ದವು. ಎಲ್ಲಕ್ಕೂ ಕೆಟ್ಟ ಮಾದರಿ ಎಂದು ಗುರುತು ಹಾಕಿ ಲೆಕ್ಕದಿಂದ ತೆಗೆದಳು.

ಸುಳ್ಳು ಬರೆಯಬೇಕೆಂದು ಅವಳು ಹಾಗೆ ಮಾಡಿರಲಿಲ್ಲ. ಗುಂಪಿಗೆ ಹೊಂದದ ಅಂಕಿಯನ್ನು ಅನುಮಾನಿಸುವುದು ಆ ಕೆಲಸ ಮಾಡುವವರ ಅಭ್ಯಾಸ. ಆದರೆ ಅದೇ ಅಂಕಿ ಕೇರಿಯಿಂದ ಬಂದಿದ್ದರೆ ಫ್ರಿಜ್ಜಿನ ನೆನಪು ತನಗೆ ಬರುತ್ತಿತ್ತೇ? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ತನ್ನನ್ನೇ ಕೇಳಿಕೊಂಡಳು. ಬರುತ್ತಿರಲಿಲ್ಲ. ಕಣ್ಣುಮುಚ್ಚಿ ನಂಬುತ್ತಿದ್ದಳು.

ಹೇಳಿಬಿಡಬೇಕು ಎಂದುಕೊಂಡು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ತಪ್ಪು ಮಾಡಿದವರು ಮೊದಲು ಮಾಡುವ ಕೆಲಸವೆಂದರೆ ಏನಾದರೂ ಕೊಂಡು ತರುವುದು. ಅವಳೂ ಅಂಗಡಿಯಲ್ಲಿದ್ದ ದುಬಾರಿ ಪ್ರೋಟೀನ್ ಪುಡಿಯ ದೊಡ್ಡ ಡಬ್ಬವನ್ನೇ ತಂದಳು. ದಿನಕ್ಕೆ ಎಷ್ಟು ಚಮಚ, ಯಾವಾಗ, ಹೇಗೆ ಕಲಸಬೇಕು ಎಂದು ಅತ್ತಿಗೆಗೆ ವಿವರಿಸಿದಳು. ಅತ್ತಿಗೆ ತಲೆಯಾಡಿಸಿದಳು. ಡಬ್ಬ ಬೇಗ ಬೇಗ ಖಾಲಿಯಾಗುತ್ತಾ ಬಂತು. ಗಾಯ ಮಾತ್ರ ಇದ್ದ ಹಾಗೇ ಇತ್ತು.

ಒಂದು ಸಂಜೆ ಪುಟ್ಟಿ ಅಡುಗೆಮನೆಗೆ ಬಂದರೆ ಅಣ್ಣನ ಮಗ ಆ ಪುಡಿಯನ್ನು ಹಾಲಿಗೆ ಹಾಕಿಕೊಂಡು ಗಟಗಟನೆ ಕುಡಿಯುತ್ತಿದ್ದ.

"ಅದು ನಿಮ್ಮಮ್ಮನಿಗೆ ತಂದಿದ್ದಲ್ವೇನೋ?"

"ಅಮ್ಮನೇ ಕೊಟ್ಳು ಅತ್ತೆ. ತನಗೆ ಸೇರಲ್ಲ ಅಂದ್ಳು. ದಿನಾ ನಾನೇ ಕುಡೀತಿರೋದು."

ಅತ್ತಿಗೆ ಪಕ್ಕದ ಕೋಣೆಯಲ್ಲಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಪುಟ್ಟಿ ಒಳಗೆ ಬಂದದ್ದೇ ತಡ, ತಾನೇ ಶುರು ಮಾಡಿದಳು. "ಬೈಬೇಡ ಮಾರಾಯ್ತಿ. ಒದ್ದೆ ಗೋಣಿಚೀಲದ ವಾಸನೆ ಅದು. ಅವನಾದ್ರೆ ಬೆಳೆಯೋ ಹುಡುಗ."

"ಅವನಿಗೆ ಇಪ್ಪತ್ತಮೂರು ಅತ್ತಿಗೆ. ಇನ್ನೂ ಬೆಳೆದ್ರೆ ಬಾಗಿಲು ಎತ್ತರ ಮಾಡಿಸಬೇಕಾಗತ್ತೆ."

ಅತ್ತಿಗೆ ನಕ್ಕಳು. ಪುಟ್ಟಿಗೆ ನಗು ಬರಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಈ ಸಲ ಬಾಯಿ ಮುಚ್ಚುವ ಮೊದಲೇ ಎಲ್ಲವನ್ನೂ ಹೇಳಿದಳು. ರಕ್ತ ತೆಗೆದದ್ದು, ಅಂಕಿ ಕೆಳಗೆ ಬಂದದ್ದು, ತಾನು ಅದನ್ನು ನಂಬದೇ, ಅಂಥದೇ ಇನ್ನೂ ಐದಾರು ಜನರದರ ಜೊತೆ ಲೆಕ್ಕದಿಂದ ತೆಗೆದದ್ದು.

"ಅವತ್ತೇ ನಿಮ್ಮನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು ಅತ್ತಿಗೆ. ದಿನಾ ಏನು ತಿಂತೀರಿ ಅಂತ. ಕೇರಿಯವರ ಮನೇಲಿ ಕೂತು, ಅವರ ಪಾತ್ರೆ ಮುಚ್ಚಳ ತೆಗೆದು ಕೇಳ್ತೀನಿ. ನಿಮ್ಮನ್ನ ಕೇಳ್ಲಿಲ್ಲ."

ಅತ್ತಿಗೆ ದಿಂಬಿನ ಮೇಲಿನ ಕಾಲನ್ನು ಸರಿಸಿಕೊಂಡಳು. "ಅಂದ್ರೆ ನನ್ನ ರಕ್ತನ ಸಿಂಕಿಗೆ ಚೆಲ್ಲಿದ್ಯಾ?"

"ಹ್ಞೂಂ."

"ಅಯ್ಯೋ, ಪಾತ್ರೆ ತೊಳೆದ ನೀರಾದ್ರೂ ನಾನು ಗಿಡಕ್ಕೆ ಹಾಕ್ತೀನಿ."

ಆಮೇಲೆ ಅತ್ತಿಗೆ ನಿಧಾನವಾಗಿ ಮಾತಾಡಿದಳು. "ಯಾರೂ ನನ್ನ ತಟ್ಟೆಯಿಂದ ಕಿತ್ತುಕೊಂಡಿಲ್ಲ ಕಣೆ. ನೀನು ಓದೋವಾಗ ನಿಮ್ಮಣ್ಣನ ಕಾರ್ಖಾನೆ ಮುಚ್ಚಿತ್ತಲ್ಲ, ಆಗ ತಂದಿದ್ರಲ್ಲಿ ಎಲ್ಲರಿಗೂ ಸಾಲ್ತಿರಲಿಲ್ಲ. ನೀನು ಪರೀಕ್ಷೆಗೆ ಓದ್ತಿದ್ದೆ, ಇವನು ಮಗು. ನಾನು ಬಿಟ್ಟೆ. ಗಟ್ಟಿ ಎಲ್ಲಾ ನಿಮಗೆ, ಮೇಲಿನ ತಿಳಿ ನನಗೆ. ಆಮೇಲೆ ದುಡ್ಡು ಬಂತು. ಆದ್ರೆ ತಟ್ಟೆಗೆ ಹಾಕಿಕೊಳ್ಳೋ ಅಭ್ಯಾಸ ವಾಪಸ್ ಬರಲೇ ಇಲ್ಲ. ಬಡಿಸಿ ಬಡಿಸಿ ಹಸಿವೂ ಸತ್ತುಹೋಗಿರತ್ತೆ."

ಪುಟ್ಟಿ ಓದಿ ಪಡೆದ ಡಿಗ್ರಿಯ ಚೌಕಟ್ಟು ಆ ಕೋಣೆಯ ಗೋಡೆಯ ಮೇಲೇ ಇತ್ತು. ಅವಳು ಅತ್ತ ತಿರುಗಲಿಲ್ಲ.

"ಐದಾರು ಜನ ಅಂದ್ಯಲ್ಲ," ಎಂದಳು ಅತ್ತಿಗೆ. "ಆ ಉಳಿದವರಿಗೆ ಹೇಳಿದ್ಯಾ?"

"ಇಲ್ಲ."

"ಅವರೂ ಎಲ್ಲಾದ್ರೂ ಜಾರಿ ಬೀಳಲಿ ಅಂತ ಕಾಯ್ತಿದೀಯಾ?"

ಆ ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ ಅಣ್ಣನಿಗೂ ಅವನ ಮಗನಿಗೂ ವಿಷಯ ತಿಳಿಸಿದಳು. ಅಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ.

"ನಾನೇನು ತಿನ್ಬೇಡ ಅಂದಿದ್ನಾ? ಚೀಲ ತುಂಬಾ ತಂದು ಹಾಕ್ತೀನಿ. ಅವಳೇ ತಿನ್ನದಿದ್ರೆ ನಾನೇನು ಬಾಯಿಗೆ ತುರುಕ್ಲಾ?"

"ನಮ್ಮ ಪಾತ್ರೆ ತುಂಬಿರ್ತಿತ್ತು ಅಣ್ಣ. ಅತ್ತಿಗೆ ತಟ್ಟೆ ನೋಡಿದವರು ಯಾರು? ನೀನೂ ನೋಡ್ಲಿಲ್ಲ. ಪ್ರೋಟೀನು ಅಂತ ಊರೆಲ್ಲಾ ಭಾಷಣ ಮಾಡೋ ನಾನೂ ನೋಡ್ಲಿಲ್ಲ."

"ಹೋಗ್ಲಿ ಬಿಡಿ," ಎಂದಳು ಅತ್ತಿಗೆ, ಕಾಲು ಚಾಚಿ ಕೂತೇ ಎಲ್ಲರಿಗೂ ಬಡಿಸಿದ್ದ ಕುರ್ಚಿಯಿಂದ. "ಆರಿಹೋಗತ್ತೆ, ಊಟ ಮಾಡಿ."

ಅಣ್ಣ ಊಟ ಮುಂದುವರಿಸಲಿಲ್ಲ. ಎದ್ದು ಹೋಗಿ ಹೆಂಡತಿಯ ತಟ್ಟೆಯನ್ನು ಬಗ್ಗಿ ನೋಡಿದ. ಒಂದು ಹಿಡಿ ಅನ್ನ, ಅದರ ಮೇಲೆ ಕಾಳು ಬೇಯಿಸಿದ ನೀರು. ಹುಡುಕಿದರೆ ನಾಲ್ಕು ಕಾಳು ಸಿಗಬಹುದು. ಅವನು ಪಾತ್ರೆಯನ್ನು ತಂದು ಅವಳ ಪಕ್ಕದಲ್ಲಿಟ್ಟು, ಸೌಟನ್ನು ತಳಕ್ಕೆ ಇಳಿಸಿ, ಎತ್ತಿ ಹಾಕಿದ. ಬಡಿಸಿ ಅಭ್ಯಾಸವಿಲ್ಲದ ಕೈ, ಅರ್ಧ ಮೇಜಿಗೆ ಬಿತ್ತು. "ನೋಡು, ಮೇಜಿಗೂ ಪ್ರೋಟೀನು ಸಿಗ್ತು," ಎಂದಳು ಅತ್ತಿಗೆ. ಯಾರೂ ನಗದಿದ್ದುದನ್ನು ಕಂಡು, ಸುಮ್ಮನೆ ಕಲಸಿಕೊಂಡು ತಿನ್ನತೊಡಗಿದಳು. ಅವಳು ತಿಂದು ಮುಗಿಸುವವರೆಗೂ ಅಣ್ಣ ಅಲ್ಲೇ ನಿಂತಿದ್ದ.

ಮನೆಯದು ಹೀಗೆ ಒಂದು ದಾರಿಗೆ ಬಂತು. ಸಂಸ್ಥೆಯದು ಅಷ್ಟು ಸುಲಭವಿರಲಿಲ್ಲ. ವರದಿ ಅಚ್ಚಿಗೆ ಸಿದ್ಧವಾಗಿತ್ತು. ಅದರ ಆಧಾರದ ಮೇಲೆ ಕೇರಿಯ ಹೆಂಗಸರಿಗೆ ಮಧ್ಯಾಹ್ನದ ಊಟ ಕೊಡುವ ಯೋಜನೆಗೆ ಹಣ ಮಂಜೂರಾಗಬೇಕಿತ್ತು. ಪುಟ್ಟಿ ನಿರ್ದೇಶಕರ ಕೋಣೆಗೆ ಹೋಗಿ, ತೆಗೆದ ಅಂಕಿಗಳನ್ನು ಮತ್ತೆ ಸೇರಿಸಬೇಕು, ಆ ಹೆಂಗಸರ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ವರದಿ ತಡೆಹಿಡಿಯಬೇಕು ಎಂದಳು.

ನಿರ್ದೇಶಕರು ಒಳ್ಳೆಯವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೂತ್ಕೊಳ್ಳಿ ಮೇಡಂ. ಕೇರಿಯವರ ಅಂಕಿ ಏನಾದ್ರೂ ಸುಳ್ಳಾ?"

"ಇಲ್ಲ ಸರ್."

"ಅವರು ಹಸಿದಿರೋದು ನಿಜ ತಾನೆ? ಈ ತಿಂಗಳು ಕಳಿಸದಿದ್ರೆ ಈ ವರ್ಷದ ಹಣ ಬೇರೆ ಕಡೆಗೆ ಹೋಗತ್ತೆ. ಹೊಟ್ಟೆತುಂಬಿದ ಮನೇಲೂ ಅಂಕಿ ಹೀಗೇ ಇದೆ ಅಂತ ಬರೆದ್ರೆ, ಹಣ ಕೊಡೋರು ಏನಂತಾರೆ? ಹಾಗಾದ್ರೆ ಇದು ಬಡತನದ್ದಲ್ಲ, ಕೇರಿಗೆ ಊಟ ಯಾಕೆ ಅಂತಾರೆ. ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳೋಕೆ ಅವರ ಅನ್ನ ತಪ್ಪಿಸ್ತೀರಾ?"

ಕೇರಿಯಲ್ಲಿ ತನ್ನನ್ನು ಕಂಡೊಡನೆ ಸ್ಟೂಲು ತಂದು ಹಾಕುವ ಬಟ್ಟೆ ಹೊಲಿಯುವವಳ ಮುಖ ಪುಟ್ಟಿಯ ಕಣ್ಣ ಮುಂದೆ ಬಂತು. ಆದರೂ ಹೇಳಿದಳು.

"ಆ ವರದಿ ನಂಬಿ ನಾಳೆ ಯಾರಾದ್ರೂ, ಇಷ್ಟಿದ್ರೆ ಆರೋಗ್ಯ, ಇಷ್ಟಿದ್ರೆ ಕೊರತೆ ಅಂತ ಗೆರೆ ಎಳೀತಾರೆ ಸರ್. ಆ ಗೆರೆಗೆ ಅಂಕಿ ಕೊಟ್ಟಿದ್ದು ನಾನು. ಅದು ಸರಿ ಅಂತ ಇವತ್ತು ನನಗೇ ನಂಬಿಕೆ ಇಲ್ಲ. ಗೊತ್ತಿಲ್ಲದೆ ತೆಗೆದಾಗ ಅದು ತಪ್ಪು. ಗೊತ್ತಾದ ಮೇಲೂ ಹಾಗೇ ಕಳಿಸಿದ್ರೆ ಅದಕ್ಕೆ ಬೇರೆ ಹೆಸರಿದೆ."

"ತೆಗೆದಿದ್ದು ಯಾರ್ಯಾರದು?"

"ಅದನ್ನ ನಿಮಗೆ ಹೇಳೋ ಹಾಗಿಲ್ಲ. ಅವರವರಿಗೇ ಫೋನ್ ಮಾಡಿ ಹೇಳ್ತೀನಿ. ಎಲ್ಲರೂ ನಮ್ಮ ಸಿಬ್ಬಂದಿಯ ಮನೆಯವರೇ. ಎಲ್ಲರೂ ಮನೇಲಿ ಅಡುಗೆ ಮಾಡೋರು."

ನಿರ್ದೇಶಕರು ಕನ್ನಡಕವನ್ನು ಹಾಕಿಕೊಂಡರು, ಮತ್ತೆ ತೆಗೆದರು. ಅಷ್ಟೇನೂ ಗಟ್ಟಿಯಿಲ್ಲದ ದನಿಯಲ್ಲಿ ಕೇಳಿದರು. "ನಮ್ಮ ಮನೆಗೂ ಫೋನ್ ಬರತ್ತಾ?"

ಪುಟ್ಟಿ ಅವರ ಮುಂದಿದ್ದ ವರದಿಯತ್ತ ನೋಡಿದಳು. ಅವರು ಮತ್ತೆ ಕೇಳಲಿಲ್ಲ. ವರದಿಯನ್ನು ತಮ್ಮ ಮುಂದಿನಿಂದ ಅವಳ ಕಡೆಗೆ ಸರಿಸಿದರು. "ನಿಲ್ಲಿಸಿ" ಎಂದರು.

ಕೇರಿಗೆ ಹೋಗಿ ಊಟ ಈ ವರ್ಷ ಬರುವುದಿಲ್ಲ ಎಂದು ತಿಳಿಸುವ ಕೆಲಸವನ್ನು ಪುಟ್ಟಿ ಬೇರೆ ಯಾರಿಗೂ ವಹಿಸಲಿಲ್ಲ. ಬಟ್ಟೆ ಹೊಲಿಯುವವಳು ಎಂದಿನಂತೆ ಸ್ಟೂಲು ತಂದು ಹಾಕಿದಳು. ಎಲ್ಲವನ್ನೂ ಕೇಳಿದ ಮೇಲೆ, "ನಿಮ್ಮ ಲೆಕ್ಕ ತಪ್ಪಿದ್ದಕ್ಕೆ ನಾವು ಕಾಯ್ಬೇಕಾ ಮೇಡಂ?" ಎಂದಳು. ಹೌದು, ನಾನು ತಪ್ಪು ಮಾಡಿದ್ದಕ್ಕೆ ನೀವು ಕಾಯಬೇಕು ಎಂದಳು ಪುಟ್ಟಿ. ಆಕೆ ಹೊಲಿಗೆ ಯಂತ್ರದತ್ತ ತಿರುಗಿಕೊಂಡಳು. ಪುಟ್ಟಿ ಹೊರಡುವವರೆಗೂ ಅದು ಓಡುತ್ತಲೇ ಇತ್ತು.

ಹೊಸ ವರದಿ ಮರುವರ್ಷ ಬಂತು. ಕೇರಿಯ ಊಟವೂ ಮರುವರ್ಷವೇ ಶುರುವಾಯಿತು. ಫೋನ್ ಹೋದ ಮನೆಗಳ ಹೆಂಗಸರಲ್ಲಿ ಇಬ್ಬರು ಮತ್ತೆ ರಕ್ತ ಕೊಡಲು ಬಂದರು, ಉಳಿದವರು ನಮಗೇನೂ ಆಗಿಲ್ಲ ಎಂದರು. ಅತ್ತಿಗೆಯ ಗಾಯ ಎರಡನೇ ಆಪರೇಷನ್ ಇಲ್ಲದೆ ಮಾಯಿತು. ಕಾಲು ಉಳಿಯಿತು. ಕೇರಿಯ ಹೆಂಗಸರಿಗೆ ಒಂದು ವರ್ಷದ ಊಟ ತಪ್ಪಿತು.