ಪಾದರಸದ ಮಡಿ

ಅಂಕಿ ತಪ್ಪಿರಬೇಕು. ಅಧ್ಯಾಪಕ ದಿಮೇಜಿ ಮಣ್ಣಿನ ರಸವನ್ನು ಪ್ರಯೋಗಾಲಯದ ಯಂತ್ರಕ್ಕೆ ಮತ್ತೊಮ್ಮೆ ಉಣಿಸಿದ. ಮತ್ತೆ ಅದೇ. ಪಾದರಸ, ಇರಬಹುದಾದ ಮಿತಿಗಿಂತ ನಲವತ್ತು ಪಟ್ಟು ಹೆಚ್ಚು.

"ಹೊಡೀತು ಲಾಟರಿ!" ಎಂದು ಯಾರೋ ಕೂಗಿದರು. ಕೂಗಿದ್ದು ತಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಪಕ್ಕದ ಮೇಜಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದ ಸಹೋದ್ಯೋಗಿ ಎಬುನ್ ತಿರುಗಿದಳು. "ಏನಾಯ್ತು? ಹೆಂಡ್ತಿ ಹೆತ್ತಳಾ?"

"ನಮ್ಮ ತಿಪ್ಪೆ, ಎಬುನ್! ಹಾಸ್ಟೆಲ್ ಹಿಂದಿಂದು. ಇಂಥ ತಿಪ್ಪೆ ಇಡೀ ದೇಶದಲ್ಲೇ ಇರ್ಲಿಕ್ಕಿಲ್ಲ!"

"ಒಳ್ಳೇದಾಯ್ತು ಬಿಡು," ಎಂದು ಅವಳು ಕೊಳವೆಯ ತಳದಲ್ಲಿದ್ದುದನ್ನು ಕಸದ ಬುಟ್ಟಿಗೆ ಸುರಿದಳು. ಬುಟ್ಟಿಯ ಕಸ ಯಾವ ತಿಪ್ಪೆ ಸೇರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಇಷ್ಟು ವರ್ಷ ಪಾಠ ಹೇಳಿದ್ದಾಯಿತು. ಕಾರಿಡಾರಿನಲ್ಲಿ ಅವನ ಹೆಸರು ಹಿಡಿದು ಕರೆದವರಿಲ್ಲ. ಈಗ ಅಕ್ರಾದ ವಿಜ್ಞಾನ ಸಮ್ಮೇಳನದ ವೇದಿಕೆಯಿಂದ ಕರೆಯುತ್ತಾರೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಡೀನ್ ಫಾಕೊರೆದೆಯವರ ಕೋಣೆಗೆ ನುಗ್ಗಿದ.

"ಸರ್, ಪಾದರಸ ಸಿಕ್ಕಿದೆ!"

ಡೀನ್ ಬಾಗಿಲ ಕಡೆ ನೋಡಿದರು. "ಯಾರ್ಯಾರಿಗೆ ಹೇಳಿದ್ರಿ?"

"ಎಬುನ್‌ಗೆ."

"ಮುಂದಿನ ವಾರ ಘಟಿಕೋತ್ಸವ. ಮಂತ್ರಿಗಳು ಬರ್ತಾರೆ. ಆಮೇಲೆ ನೋಡೋಣ. ಊಟ ಆಯ್ತಾ?"

"ಆಯ್ತು ಸರ್."

ಸಿಟ್ಟು ಬರಬೇಕಿತ್ತು. ಬದಲಿಗೆ ಹೊರಗೆ ಬಂದಾಗ ಎದೆ ಹಗುರವಾಗಿತ್ತು. ಘಟಿಕೋತ್ಸವ ಮುಗಿಯುವವರೆಗೆ ಯಾರೂ ತಿಪ್ಪೆ ತೆಗೆಸುವುದಿಲ್ಲ. ಇನ್ನೊಂದು ಸುತ್ತಿನ ಮಾದರಿ ತೆಗೆಯಬಹುದು.

ಮರುಭೂಮಿಯಿಂದ ಬೀಸುವ ಹಾರ್ಮಟಾನ್ ಗಾಳಿಯ ಧೂಳಿನಲ್ಲಿ ತಿಪ್ಪೆ ಮಂಕಾಗಿ ಹೊಗೆಯಾಡುತ್ತಿತ್ತು. ಸೂಜಿಗಳು, ಬ್ಯಾಟರಿಗಳು, ಪ್ರಯೋಗಾಲಯದ ಒಡೆದ ಸೀಸೆಗಳು. ಅವನಿಗೆ ಎಲ್ಲವೂ ಸುಂದರವಾಗಿ ಕಂಡಿತು. ಅಂಚಿನಲ್ಲಿ ಸೊಪ್ಪು ಮಾರುವ ಮುದುಕಿ ಇಯಾ ರಾಫತು ತನ್ನ ಹರಿವೆ ಮಡಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಕೀಳುತ್ತಿದ್ದಳು. ಮಣ್ಣಿನ ಮಾದರಿ ತೆಗೆದ ದಿನ ಈ ಮಡಿಗಳನ್ನು ಅವನು ಗಮನಿಸಿರಲೇ ಇಲ್ಲ.

"ಒಂದು ಕಟ್ಟು ಕೊಡಿ, ಇಯಾ."

"ಅಯ್ಯೋ, ಮೇಷ್ಟ್ರೇ ಬಂದ್ಬಿಟ್ರಾ! ಮನೆಯವರು ಕಳಿಸಿದ್ರಾ?" ಅವಳು ದಪ್ಪ ಕಟ್ಟು ಕಟ್ಟಿ, ಮೇಲೊಂದು ಹಿಡಿ ತುರುಕಿದಳು. "ಇದು ನನ್ನ ಕಡೆಯಿಂದ. ದುಡ್ಡು ಬೇಡ. ಸೊಪ್ಪಿನ ರುಚಿ ನಿಮಗೆ ಗೊತ್ತೇ ಇದೆಯಲ್ಲ. ಕ್ಯಾಂಟೀನಿಗೆ ದಿನಾ ಹಾಕೋಳು ನಾನೇ."

ಮಧ್ಯಾಹ್ನದ ಊಟ ನೆನಪಾಯಿತು. ಕ್ಯಾಂಟೀನಿನಲ್ಲಿ ಮರಗೆಣಸಿನ ಈಬಾ ಮುದ್ದೆಯ ಜೊತೆ ಇದೇ ಸೊಪ್ಪಿನ ಸಾರನ್ನು ಎರಡು ಸಲ ಹಾಕಿಸಿಕೊಂಡಿದ್ದ. ಭಯವಾಗಬೇಕಾದಲ್ಲಿ ಮೈ ಜುಮ್ಮೆಂದಿತು. ಮಣ್ಣು, ಸೊಪ್ಪು, ರಕ್ತ. ಸರಪಳಿ ಪೂರ್ತಿಯಾಯಿತು! ತನ್ನ ರಕ್ತವನ್ನೇ ಪರೀಕ್ಷಿಸಬಹುದು. ಇವಳದನ್ನೂ.

"ಇಯಾ, ಇದನ್ನ..."

"ಏನು, ಮೇಷ್ಟ್ರೇ?"

ಹೇಳಿದರೆ ಇವಳು ಬೆಳೆಯುವುದನ್ನು ನಿಲ್ಲಿಸುತ್ತಾಳೆ. ನಿಲ್ಲಿಸಿದರೆ ಮುಂದಿನ ತಿಂಗಳ ಮಾದರಿ?

"ನೀವೂ ಇದನ್ನೇ ತಿಂತೀರಾ?"

"ಮತ್ತೇನು, ಮಾರೋರು ಉಪವಾಸ ಇರಬೇಕಾ? ನನ್ನ ಮೊಮ್ಮಗಳಿಗೆ ಹಲ್ಲು ಬಂದಿದ್ದೇ ಈ ಸೊಪ್ಪಿನ ಸಾರಲ್ಲಿ."

ಅವನು ನಕ್ಕ. ಸೊಪ್ಪಿನ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡ.

ಅಷ್ಟರಲ್ಲಿ ಕ್ಯಾಂಪಸ್ಸಿನ ಲಾರಿ ಹಿಂದಕ್ಕೆ ಬಂದು ಹೊರೆ ಇಳಿಸಿತು. ಘಟಿಕೋತ್ಸವಕ್ಕೆಂದು ಸಭಾಂಗಣದಿಂದ ಬಿಚ್ಚಿದ, ಒಳಗೆ ಪಾದರಸವಿರುವ ಹಳೆಯ ಟ್ಯೂಬ್‌ಲೈಟುಗಳು ರಾಶಿರಾಶಿಯಾಗಿ ತಿಪ್ಪೆಯ ಬೆಂಕಿಗೆ ಬಿದ್ದವು. ಪಟ್! ಪಟಪಟ! ಬಿಳಿ ಪುಡಿ ಚಿಮ್ಮಿತು. ಚಿಂದಿ ಆಯುವವರು ಹೋ ಎಂದರು.

"ಹಬ್ಬ ನೋಡಿ ಮೇಷ್ಟ್ರೇ, ಹಬ್ಬ!" ಇಯಾ ಮಣ್ಣಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

"ಓಡಿ!" ಎಂದು ಕೂಗಬೇಕೆಂದು ಬಾಯಿ ತೆರೆದ ದಿಮೇಜಿ. ಕೇಳಿದ್ದು ಚಪ್ಪಾಳೆ. ಅವನ ಕೈಗಳೂ ತಟ್ಟುತ್ತಿದ್ದವು.

ಪುಡಿ ಮೆಲ್ಲಗೆ ಮಡಿಗಳ ಮೇಲೆ ಇಳಿಯಿತು. ಇಯಾ ನೀಲಿ ಡ್ರಮ್ಮಿನಿಂದ ನೀರು ಮೊಗೆದು ಹಸ್ತದಿಂದ ಚಿಮುಕಿಸಿದಳು. ಬಿಳುಪು ತೊಳೆದು ಬುಡಕ್ಕೆ ಹರಿಯಿತು; ಎಲೆಗಳು ಆಗತಾನೇ ಚಿಗುರಿದಂತೆ ಥಳಥಳಿಸಿದವು.