ತಿರುವಿನಲ್ಲಿ ಕಂಡ ಡಬ್ಬಿ

ಕನ್ನಡಕದ ಅಂಗಡಿಯವನಿಗೆ ರೈಲಿನ ಹುಚ್ಚು ಹಿಡಿದದ್ದು ಹಲ್ಲಿನ ಡಾಕ್ಟರಮ್ಮನ ಮರೆವಿನಿಂದ. ಓದುವ ಕನ್ನಡಕ ಮಾಡಿಸಲು ಬಂದಿದ್ದ ಅವರನ್ನು "ಹೆಚ್ಚಾಗಿ ಏನು ಓದ್ತೀರ?" ಎಂದು ಕೇಳಿದರೆ, ಪುಸ್ತಕದ ಹೆಸರು ಹೇಳುವ ಬದಲು ಚೀಲದಿಂದ ಒಂದು ಹಸಿರು ರೈಲುಡಬ್ಬಿ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟರು. ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಅದುಮಿ ಕಟ್ಟಿದ ಡಬ್ಬಿ. ಬಾಗಿಲಿತ್ತು, ಕಿಟಕಿಗಳಿದ್ದವು, ಇಣುಕಿದರೆ ಒಳಗೆ ಸಾಲು ಸೀಟುಗಳೂ ಕಂಡವು.

"ಈ ಇಟ್ಟಿಗೆ ಮೇಲಿನ ಗುಂಡು ಗುಂಡು ಗುಬುಟು ಎಣಿಸೋಕಾದ್ರೆ ಸಾಕು ನಂಗೆ," ಎಂದರು. "ಹಲ್ಲು ಕಟ್ಟಿ ಕಟ್ಟಿ ಬೇಜಾರಾಗಿ ರೈಲು ಕಟ್ಟೋಕೆ ಶುರು ಮಾಡ್ದೆ. ಇವು ಕಿರುಚಲ್ಲ ನೋಡಿ."

ಅವರು ಹೋದ ಮೇಲೆ ಕೌಂಟರಿನಲ್ಲಿ ಒಂದು ಜೋಡಿ ಚಕ್ರ ಉಳಿದಿತ್ತು. ಅಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅವನು ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಳ್ಳಿದ. ಗಾಜಿನ ಕೆಳಗೆ ಕನ್ನಡಕದ ಫ್ರೇಮುಗಳು ಸಾಲಾಗಿ ಮಲಗಿದ್ದವು. ಅವುಗಳ ಮೇಲೆ ಚಕ್ರ ಉರುಳುತ್ತಿದ್ದರೆ, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋದ ಊರುಗಳನ್ನು ಯಾವುದೋ ರೈಲು ಸದ್ದಿಲ್ಲದೆ ದಾಟುತ್ತಿರುವಂತೆ ಕಂಡಿತು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ತಲೆಯೆತ್ತಿ ನೋಡಿದಾಗ ಹೊರಗೆ ಬಿಸಿಲು ಎದುರಿನ ಗೋಡೆ ಹತ್ತಿಬಿಟ್ಟಿತ್ತು.

ಫೋನ್ ಮಾಡಿದರೆ ಡಾಕ್ಟರಮ್ಮ ನಕ್ಕರು. "ನೀವೇ ಇಟ್ಕೊಳ್ಳಿ. ಚಕ್ರ ಸಿಕ್ಕಿದೆ ಅಂದ್ಮೇಲೆ ರೈಲು ಶುರುವಾದ ಹಾಗೇ. ಆದ್ರೆ ಮೊದಲನೇ ಸಲಕ್ಕೇ ಎಂಜಿನ್ನಿಗೆ ಕೈ ಹಾಕಬೇಡಿ. ಒಂದು ಡಬ್ಬಿ ಕಟ್ಟಿ. ಅಗಲ ಆರು ಗುಬುಟು, ಬಣ್ಣ ಎರಡೇ. ಮೂರನೇ ಬಣ್ಣ ಬೇಕು ಅಂತ ಮನಸ್ಸು ಎಳೆಯುತ್ತೆ. ಜಗ್ಗಬೇಡಿ."

ಅವನಿಗೆ ಐವತ್ತೊಂದು ವರ್ಷ. ಮನೆಯಲ್ಲಿ ಹೆಂಡತಿ, ಅವಳು ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಹೆಂಡತಿಯ ತಂದೆ, ಮೂವತ್ತೆಂಟು ವರ್ಷ ರೈಲು ಓಡಿಸಿ ನಿವೃತ್ತರಾದವರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಕಣ್ಣಿನ ಹಿಂದಿನ ನರ ಒಣಗಿ ದೃಷ್ಟಿ ಪೂರ್ತಿ ಹೋದ ಮೇಲೆ ಮಾವ ಮಗಳ ಮನೆಗೆ ಬಂದು ಮೂರು ವರ್ಷವಾಗಿತ್ತು. ಬಂದ ಹೊಸದರಲ್ಲಿ ಅಳಿಯ ಅಂಗಡಿಯಲ್ಲಿದ್ದ ಗಾಜುಗಳನ್ನೆಲ್ಲ ಒಂದೊಂದಾಗಿ ಅವರ ಕಣ್ಣಿಗೆ ಹಿಡಿದು ನೋಡಿದ್ದ. ಯಾವುದೂ ನಡೆಯಲಿಲ್ಲ. "ಊರಿಗೆಲ್ಲ ಕಣ್ಣು ಕೊಡೋ ಅಳಿಯ ಮಾವನಿಗೆ ಮಾತ್ರ ಕೈ ಕೊಟ್ಟ," ಎಂದು ಅವರು ತಮಾಷೆ ಮಾಡಿ ನಕ್ಕಿದ್ದರು. ಅವನೂ ನಕ್ಕಿದ್ದ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಅಲ್ಲಿಂದಾಚೆಗೆ ಇಬ್ಬರ ನಡುವೆ ದಿನಕ್ಕೆ ಹತ್ತು ಮಾತು ನಡೆದರೆ ಹೆಚ್ಚು. "ಚಹಾ ಆಯ್ತಾ ಮಾವ?" "ಆಯ್ತು ಅಳಿಯಂದ್ರೆ." ಅಲ್ಲಿಗೆ ಮುಗಿಯಿತು.

ಬುಧವಾರ ಮಧ್ಯಾಹ್ನ ಅಂಗಡಿಗೆ ರಜೆ. ಹೆಂಡತಿ ಡ್ಯೂಟಿಗೆ ಹೋಗಿರುತ್ತಿದ್ದಳು. ಅವನು ಒಂದು ಚೀಲ ಇಟ್ಟಿಗೆ, ಜೊತೆಗೆ ಇನ್ನಷ್ಟು ಚಕ್ರ, ಹಳಿಯ ತುಂಡುಗಳನ್ನು ಕೊಂಡು ತಂದು ಊಟದ ಮೇಜಿನ ಮೇಲೆ ಸುರಿದುಕೊಂಡ. ಕೆಂಪು, ಬಿಳಿ, ಎರಡೇ ಬಣ್ಣ. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುಖವನ್ನು ಬಿಸಿಲಿಗೊಡ್ಡಿ ಕೂತಿದ್ದರು.

"ಅದೇನದು, ಟಿಕ್ ಟಿಕ್ ಅಂತ?"

"ಏನಿಲ್ಲ ಮಾವ. ಅಂಗಡಿ ಕೆಲಸ."

ಈ ವಯಸ್ಸಿನಲ್ಲಿ ಆಟದ ಸಾಮಾನು ಹರಡಿಕೊಂಡಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ. ಮೂರು ಬುಧವಾರ ಹೀಗೇ ಸಾಗಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರುವಾಗಿನ ಆ ಸಣ್ಣ ಸದ್ದಿನಲ್ಲಿ ಕೋಣೆ ನಿಧಾನವಾಗಿ ನೀರಿಗಿಳಿದಂತಾಗುತ್ತಿತ್ತು. ಗಡಿಯಾರ, ಬೀದಿಯ ಹಾರನ್ನು, ಪಕ್ಕದ ಮನೆಯ ಮಿಕ್ಸಿ ಎಲ್ಲ ದೂರ ಹೋಗಿ, ಬೆರಳುಗಳ ತುದಿಯಲ್ಲಿ ಕಿಟಕಿಗಳಷ್ಟೇ ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು.

ಡಬ್ಬಿ ಮುಗಿದ ದಿನ ನೆಲದ ಮೇಲೆ ಮೇಜಿನ ಕಾಲುಗಳ ಸುತ್ತ ಹಳಿ ಜೋಡಿಸಿದ. ತಳ್ಳಿದ. ನೇರ ದಾರಿಯಲ್ಲಿ ಡಬ್ಬಿ ಅರಸನಂತೆ ಹೋಯಿತು. ತಿರುವು ಬರುತ್ತಿದ್ದಂತೆ ಚಕ್ರ ಕಿರುಗುಟ್ಟಿ, ಮಗುಚಿ, ಬಿಳಿ ಚಾವಣಿ ಚೆಲ್ಲಾಪಿಲ್ಲಿಯಾಯಿತು. ಮತ್ತೆ ಕಟ್ಟಿದ. ಮತ್ತೆ ಬಿತ್ತು. ಮೂರನೆಯ ಸಲವೂ ಬಿದ್ದಾಗ ಕಿಟಕಿಯ ಕಡೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಅಳಿಯಂದ್ರೆ, ನಿಮ್ಮ ಅಂಗಡಿ ಕೆಲಸ ಹಳಿ ತಪ್ಪಿದೆ."

ಅವನು ಮೇಜಿನ ಕೆಳಗೇ ಕೂತುಬಿಟ್ಟ. ಕಿವಿ ಬಿಸಿಯಾಯಿತು. ಆಮೇಲೆ ಎದ್ದು ಹೋಗಿ ಡಬ್ಬಿಯನ್ನು ಮಾವನ ಕೈಗಿಟ್ಟ.

ಆ ಬೆರಳುಗಳು ಡಬ್ಬಿಯ ಮೇಲೆ ನಡೆದಾಡಿದವು. ಕಿಟಕಿ ಎಣಿಸಿದವು, ಬಾಗಿಲ ಅಂಚು ಹಿಡಿದವು, ಕೊನೆಗೆ ಹೊಟ್ಟೆ ಮೇಲಾಗಿ ತಿರುಗಿಸಿ ಚಕ್ರಗಳ ಹತ್ತಿರ ನಿಂತವು.

"ಚಕ್ರಾನ ಡಬ್ಬಿಗೇ ಬಿಗಿದುಬಿಟ್ಟಿದ್ದೀರಲ್ಲ! ಉದ್ದನೆಯವನು ಸೊಂಟ ಬಾಗಿಸದೆ ತಿರುಗೋದು ಹೇಗೆ? ಚಕ್ರಕ್ಕೆ ಬೇರೆ ಪುಟ್ಟ ಗಾಡಿ ಮಾಡಿ. ಮುಂದೊಂದು, ಹಿಂದೊಂದು. ಒಂದೊಂದೂ ಒಂದೇ ಮೊಳೆ ಮೇಲೆ ತಿರುಗ್ತಿರಬೇಕು. ಮೊದಲು ಕಾಲು ತಿರುಗುತ್ತೆ, ಆಮೇಲೆ ಮೈ."

ಅಂದು ಸಂಜೆಯ ಹೊತ್ತಿಗೆ ಡಬ್ಬಿ ತಿರುವು ದಾಟಿತು. ಆ ಸದ್ದನ್ನು ಕೇಳಿ ಮಾವ ತಲೆಯಾಡಿಸಿದರು. ಆಮೇಲೆ ಯಾರೂ ಕೇಳದಿದ್ದರೂ ಹೇಳತೊಡಗಿದರು.

"ಮದುವೆ ಆಗಿ ಎಂಟು ದಿನಕ್ಕೆ ನಿಮ್ಮತ್ತೇನ ಕರ್ಕೊಂಡು ಬರ್ಬೇಕಿತ್ತು. ರಜೆ ಇರ್ಲಿಲ್ಲ. ನಾನು ಓಡಿಸೋ ಗಾಡೀಲೇ ಬಾ ಅಂದೆ. ಮೂರನೇ ಡಬ್ಬಿ. ಆರು ಗಂಟೆ ದಾರಿ. ಗಂಡ ಹೆಂಡತಿ ಒಂದೇ ರೈಲಲ್ಲಿ, ಮುಖ ನೋಡೋ ಹಾಗಿಲ್ಲ! ದೊಡ್ಡ ತಿರುವು ಬಂದಾಗ ಮಾತ್ರ ಹಿಂದೆ ತಿರುಗಿದ್ರೆ ಇಡೀ ಗಾಡಿ ಕಾಣೋದು. ಅಲ್ಲಿ ಮೂರನೇ ಡಬ್ಬಿ ಕಿಟಕಿಯಿಂದ ಒಂದು ಕೈ ಹೊರಗೆ ಬಂದಿತ್ತು. ಹಳದಿ ಕರ್ಚೀಫು. ಅಷ್ಟೇ ನೋಡಿದ್ದು. ಆಮೇಲೆ ದಾರಿ ನೇರ ಆಯ್ತು."

ಅವರು ಡಬ್ಬಿಯನ್ನು ತೊಡೆಯ ಮೇಲೆ ಹಿಂದೆ ಮುಂದೆ ಉರುಳಿಸಿದರು.

"ಆ ಡಬ್ಬಿ ಕಟ್ಟೋಕಾಗುತ್ತಾ?"

"ಒಳಗಡೆ ಹೇಗಿತ್ತು ಮಾವ?"

"ನಂಗೇನು ಗೊತ್ತು? ನಾನು ಎಂಜಿನ್ನಲ್ಲಿದ್ದೆ."

ಗೊತ್ತಿದ್ದದ್ದು ಮಗಳಿಗೆ. ಡ್ಯೂಟಿ ಮುಗಿಸಿ ಬಂದವಳು ಕಾಲಿನ ಚಪ್ಪಲಿಯನ್ನೂ ಕಳಚದೆ ಇಬ್ಬರ ಮುಖವನ್ನೂ ಹರಡಿದ್ದ ಇಟ್ಟಿಗೆಗಳನ್ನೂ ನೋಡಿದಳು. ಗಂಡ ಅಪ್ಪನ ಕಾಲಬುಡದಲ್ಲಿ ಕೂತು ಮಾತಾಡುತ್ತಿರುವುದು ಅವಳಿಗೆ ಹೊಸದು. ವಿಷಯ ಕೇಳಿ ಗೋಡೆಗೊರಗಿದಳು.

"ಅಮ್ಮ ನಂಗೆ ಹೇಳಿದ್ಲು. ತನ್ನ ಸೀಟನ್ನ ತುಂಬು ಬಸುರಿ ಒಬ್ಬಳಿಗೆ ಬಿಟ್ಟುಕೊಟ್ಟು, ಕಿಟಕಿ ಕಂಬಿ ಹಿಡ್ಕೊಂಡು ಆರು ಗಂಟೇನೂ ನಿಂತೇ ಬಂದ್ಲಂತೆ. ಕಾಲು ಊದಿಹೋಗಿತ್ತಂತೆ."

"ನಿಂತೇ ಬಂದ್ಲಾ?" ಮಾವನ ಕೈ ನಿಂತಿತು. "ನಂಗೆ ಹೇಳ್ಲೇ ಇಲ್ಲ. ಆರಾಮಾಗಿ ಬಂದೆ ಅಂದ್ಲು. ಇಷ್ಟು ವರ್ಷ ಅವಳು ಕೂತಿದ್ಲು ಅಂತಲೇ ನಾನು..."

"ನೀವು ಚೆನ್ನಾಗಿ ಓಡಿಸಿದ್ರಿ ಅಂತಾನೂ ಹೇಳಿದ್ಲಪ್ಪ. ಒಂದ್ಸಲಾನೂ ಮುಗ್ಗರಿಸ್ಲಿಲ್ಲವಂತೆ."

ಕುರುಡು ಕಣ್ಣೂ ತುಂಬಿಕೊಳ್ಳುತ್ತದೆ ಎಂಬುದನ್ನು ಕನ್ನಡಕದವನು ಇಷ್ಟು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಆತ ಮುಖ ತಿರುಗಿಸಿ, ಬಿದ್ದಿದ್ದ ಇಟ್ಟಿಗೆಗಳನ್ನು ಆರಿಸತೊಡಗಿದ. ಹಿಂದಿನಿಂದ ಮಾವನ ದನಿ ಬಂತು.

"ಅಳಿಯಂದ್ರೆ, ಕಿಟಕಿ ಪಕ್ಕ ಒಂದು ಸೀಟು ಹೆಚ್ಚಿಗೆ ಹಾಕಿ. ಈ ಸಲ ಕೂತ್ಕೊಂಡು ಬರ್ಲಿ."

ಆ ಡಬ್ಬಿಗೆ ಎರಡು ತಿಂಗಳು ಹಿಡಿಯಿತು. ಮೇಜಿನ ಒಂದು ಬದಿಗೆ ಅಳಿಯ, ಇನ್ನೊಂದು ಬದಿಗೆ ಮಾವ. ಇಟ್ಟಿಗೆಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಬಟ್ಟಲಿಗೆ ಹಾಕುವ ಕೆಲಸವನ್ನು ಮಾವ ವಹಿಸಿಕೊಂಡರು. ಬಣ್ಣವನ್ನಷ್ಟೇ ಕೇಳುತ್ತಿದ್ದರು, ಉಳಿದದ್ದೆಲ್ಲ ಬೆರಳಿಗೆ ತಿಳಿಯುತ್ತಿತ್ತು. "ಇದು ನಾಲ್ಕು ಗುಬುಟಿಂದು, ಇಲ್ಲಿಗೆ ಯಾಕೆ ಬಂತು?" ಎಂದು ಗದರಿಸುವಷ್ಟು ಸಲಿಗೆಯೂ ಬೆಳೆಯಿತು. ಸೀಟು ವಾಲಿಕೊಂಡಿದೆಯೆಂದು ಎರಡು ಸಲ ಕೀಳಿಸಿದರು. ಅಳಿಯ ಗೊಣಗುತ್ತಲೇ ಕಿತ್ತು ಕಟ್ಟಿದ.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ಹೊಸ ಕನ್ನಡಕ ಹಾಕಿಕೊಂಡು, ತಮ್ಮ ಬ್ಯಾಟರಿ ಎಂಜಿನ್ನನ್ನೂ ಆ ಹಸಿರು ಡಬ್ಬಿಯನ್ನೂ ತಾವೇ ತಂದರು. ಎಂಜಿನ್ನಿನ ಹಿಂದೆ ಹಸಿರು ಡಬ್ಬಿ, ಅದರ ಹಿಂದೆ ಕೆಂಪು ಡಬ್ಬಿ, ಮೂರನೆಯದಾಗಿ ಹೊಸ ಡಬ್ಬಿ ಸೇರಿತು. ಸೋಫಾ ಗೋಡೆಗೆ ಸರಿಯಿತು. ಹಳಿ ಮಲಗುವ ಕೋಣೆಯ ಹೊಸ್ತಿಲವರೆಗೂ ಹೋಗಿ, ದೊಡ್ಡದೊಂದು ತಿರುವು ತೆಗೆದುಕೊಂಡು ಬಂತು. ಮಾವ ಲುಂಗಿ ಮಡಚಿ ತಿರುವಿನ ಒಳಬದಿಯಲ್ಲಿ ನೆಲದ ಮೇಲೆ ಕೂತರು. ಎಂಜಿನ್ನಿನ ಗುಂಡಿ ಅವರಿಂದಲೇ ಒತ್ತಿಸಿದರು.

ರೈಲು ಹೊರಟಿತು. ಸದ್ದು ದೂರ ಹೋಗಿ, ಹೊಸ್ತಿಲ ಬಳಿ ಸಣ್ಣದಾಗಿ, ಮತ್ತೆ ಹತ್ತಿರವಾಯಿತು. ಮಾವ ಹಳಿಯ ಪಕ್ಕ ಅಂಗೈ ಚಾಚಿ ಹಿಡಿದಿದ್ದರು. ಎಂಜಿನ್ನು ಬೆರಳ ತುದಿಯನ್ನು ಸವರಿ ಹೋಯಿತು. ಒಂದು, ಎರಡು, ಎಂದು ತುಟಿಯಲ್ಲೇ ಎಣಿಸಿದರು. ಮೂರನೆಯದು ಬಾಗುತ್ತಾ ಬಂದು, ಕಿಟಕಿಗಳ ಸಾಲು ಅವರ ಬೆರಳಿಗೆ ಒಂದೊಂದಾಗಿ ತಾಗಿ ಮುಂದೆ ಸಾಗಿತು. ಅವರು ಕೈ ಹಿಂತೆಗೆಯಲಿಲ್ಲ. ರೈಲು ಮತ್ತೆ ಬಂತು, ಮತ್ತೆ ಹೋಯಿತು. ಹೆಂಡತಿ ಒಲೆ ಆರಿಸಿ ಬಂದು ಅಪ್ಪನ ಪಕ್ಕ ಕೂತಳು. ಡಾಕ್ಟರಮ್ಮ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಸುಮ್ಮನೆ ನೋಡಿದರು. ಎಷ್ಟು ಸುತ್ತಾಯಿತೋ, ಯಾರೂ ಲೆಕ್ಕವಿಡಲಿಲ್ಲ. ಕೊನೆಗೆ ಬ್ಯಾಟರಿ ಇಳಿದು ರೈಲು ತಾನಾಗಿ ನಿಧಾನವಾಗಿ ನಿಂತಿತು.

"ಇನ್ನು ಕೊನೇಲಿ ಗಾರ್ಡಿನ ಡಬ್ಬಿ ಬೇಕು," ಎಂದರು ಮಾವ. "ಅವನಿಲ್ಲದೆ ಗಾಡಿ ಬಿಡೋ ಹಾಗಿಲ್ಲ."

ಅಳಿಯ ಬಟ್ಟಲುಗಳನ್ನು ಅವರ ಮುಂದಕ್ಕೆ ಸರಿಸಿ, "ಎಷ್ಟು ಉದ್ದ ಇರ್ಲಿ ಮಾವ?" ಎಂದು ಕೇಳಿದ.